ಬ್ರೇಕು ಮತ್ತು ನನ್ನ ತೋರುಬೆರಳು

ಗೋಡೆಗೆ ಒರಗಿಸಿದ ಸೈಕಲ್ಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅದು ಯಾರದ್ದೇ ಆಗಿರಲಿ, ಹತ್ತಿರ ಹೋಗಿ ಬ್ರೇಕಿನ ಲಿವರನ್ನು ಒಮ್ಮೆ ಬೆರಳಿನಿಂದ ಎಳೆದು ನೋಡಿದರೇ ಸಮಾಧಾನ. ಕೊಳ್ಳುವ ಉದ್ದೇಶವಿಲ್ಲದಿದ್ದರೂ ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುವವರು ಇರುತ್ತಾರಲ್ಲ, ಆ ಜಾತಿ ನನ್ನದು. ಹೋದ ತಿಂಗಳು ಒಂದು ಮದುವೆಗೆಂದು ಕೊಚ್ಚಿಗೆ ಹೋಗಿದ್ದಾಗ ತ್ರಿಪ್ಪುಣಿತ್ತುರದ ಮೆಟ್ರೋ ನಿಲ್ದಾಣದ ಹೊರಗೆ ಹೊಸದೊಂದು ಮೌಂಟನ್ ಬೈಕು ನಿಂತಿತ್ತು. ರೇಷ್ಮೆ ಸೀರೆ ಉಟ್ಟಿದ್ದ ನಾನು ಅದರ ಮೇಲೆ ಬಗ್ಗಿ ಮುಂದಿನ ಬ್ರೇಕನ್ನು ಹಿಡಿದು ಬಿಡುತ್ತಾ, ಮತ್ತೆ ಹಿಡಿದು ಬಿಡುತ್ತಾ ಇದ್ದೆ. ಹಿಂದಿನಿಂದ ಒಬ್ಬ ಯುವಕ ಬಹಳ ವಿನಯದಿಂದ, ಅಕ್ಕ ಎನ್ನುವಂತೆ ಚೇಚಿ ಎಂದು ಕರೆದು, ಅದು ನನ್ನ ಸೈಕಲ್ಲು, ಎಂದು ಮಲಯಾಳದಲ್ಲಿ ಹೇಳಿದ. ನಾನು ಕೈ ತೆಗೆದು, ಮೂರು ವಾಕ್ಯದ ಮಲಯಾಳದಲ್ಲಿ ನಾಲ್ಕು ತಪ್ಪು ಮಾಡಿ, ಬ್ರೇಕು ಬಹಳ ಚೆನ್ನಾಗಿದೆ ಎಂದೆ. ನನ್ನ ಗಂಡ ಶ್ರೀಧರ ಅಷ್ಟು ಹೊತ್ತಿಗಾಗಲೇ ದೂರ ಹೋಗಿ, ನನಗೂ ತನಗೂ ಸಂಬಂಧವೇ ಇಲ್ಲದ ಹಾಗೆ ಆಟೋದವರ ಜೊತೆ ಮಾತಿಗೆ ನಿಂತಿದ್ದರು.

ನಾಚಿಕೆ ಅಂದರೆ ನನಗೆ ಹೊಸದೇನಲ್ಲ. ಆದರೆ ಬ್ರೇಕಿನ ಲಿವರ್ ಮುಟ್ಟಿದಾಗಲೆಲ್ಲ ನೆನಪಿಗೆ ಬರುವ ನಾಚಿಕೆಯೊಂದಿದೆ. ಅದರ ಕತೆ ಬೇರೆ.

ಮೊದಲು ಈ ಬ್ರೇಕಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗುಡ್ಡ ಹತ್ತಿಳಿಯುವ ಸೈಕಲ್ಲುಗಳಿಗೆ ಈಗ ಎಣ್ಣೆಯ ಬ್ರೇಕು. ಲಿವರನ್ನು ಎಳೆದರೆ ತೆಳ್ಳನೆಯ ಕೊಳವೆಯಲ್ಲಿರುವ ಎಣ್ಣೆ ಮುಂದಕ್ಕೆ ತಳ್ಳಿಕೊಂಡು ಹೋಗಿ, ಚಕ್ರದ ನಡುವಿರುವ ಉಕ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕುತ್ತದೆ. ಇಷ್ಟೇ. ಆದರೆ ಈ ಅಮುಕುವುದರಲ್ಲಿ ಸ್ವಭಾವಭೇದಗಳಿವೆ. ಒಂದು ಬಗೆಯ ಬ್ರೇಕು ಬೆರಳು ತಾಗಿದ ಕೂಡಲೇ ಗಬಕ್ಕನೆ ಕಚ್ಚುತ್ತದೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಹಾಗೆ ಇದ್ದರು; ತರಗತಿಯ ಬಾಗಿಲು ದಾಟುವ ಮೊದಲೇ ಯಾರಿಗಾದರೂ ಒಂದು ಬಿದ್ದಿರುತ್ತಿತ್ತು. ಇನ್ನೊಂದು ಬಗೆಯದು ಕನ್ನಡದ ಮೇಡಂ ಹಾಗೆ. ಮೊದಲು ಒಂದು ನೋಟ, ಆಮೇಲೆ ಒಂದು ಮಾತು, ಬೇಕೇ ಬೇಕಾದರೆ ಬೆತ್ತ. ನೀವು ಎಷ್ಟು ಎಳೆದಿರೋ ಅಷ್ಟೇ ಹಿಡಿತ. ಬಲ ಯಾವುದರಲ್ಲಿ ಹೆಚ್ಚು, ಬೆರಳಿಗೆ ಹಿತ ಯಾವುದು ಎಂದು ಸೈಕಲ್ಲಿನವರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಾನೂ ಮಾಡಿದ್ದೇನೆ. ಆ ವಾದಗಳಲ್ಲಿ ನಾನು ಆಡಿದ ಮಾತುಗಳನ್ನು ನೆನೆಸಿಕೊಂಡರೆ ಈಗ ಕಿವಿ ಬಿಸಿಯಾಗುತ್ತದೆ.

ಬ್ರೇಕಿಲ್ಲದೆ ಬೆಳೆದವಳು ನಾನು. ನಮ್ಮೂರು ತಿಪಟೂರು. ಅಪ್ಪನ ಸೈಕಲ್ಲಿಗೆ ಉದ್ದುದ್ದ ಕಡ್ಡಿಗಳ ಬ್ರೇಕಿತ್ತು. ಹಿಡಿದರೆ ಗಡಗಡ ಸದ್ದು ಬರುತ್ತಿತ್ತೇ ಹೊರತು ಸೈಕಲ್ಲು ತನ್ನ ಪಾಡಿಗೆ ಹೋಗುತ್ತಿತ್ತು. ಮಳೆ ಬಿದ್ದರಂತೂ ಆ ಸದ್ದೂ ಇಲ್ಲ. ಸೀಟಿಗೆ ಏರಲು ಎತ್ತರ ಸಾಲದ ನಾನು ಒಳಪೆಡಲು ತುಳಿದುಕೊಂಡು ನಮ್ಮ ಬೀದಿಯ ಇಳಿಜಾರಿನಲ್ಲಿ ಬರುತ್ತಿದ್ದೆ. ಇಳಿಜಾರಿನ ಕೊನೆಗೆ ಕೊಬ್ಬರಿ ಮಂಡಿಯವರ ಗೋದಾಮು, ಅದರ ಪಕ್ಕದಲ್ಲಿ ಮನೆಯೆತ್ತರದ ತೆಂಗಿನ ಸಿಪ್ಪೆಯ ರಾಶಿ. ನನ್ನ ಬ್ರೇಕು ಅದೇ. ನೇರವಾಗಿ ಹೋಗಿ ನುಗ್ಗುವುದು, ಏಳುವುದು, ಹೋಗುವುದು. ಸಂಜೆ ತಲೆ ಬಾಚುವಾಗ ಅಮ್ಮ ಜಡೆಯೊಳಗಿಂದ ನಾರು ಹೆಕ್ಕುತ್ತಾ, ಇವತ್ತೂ ಬ್ರೇಕ್ ಹಾಕಿದ್ಯೇನೆ, ಎಂದು ಕೇಳುತ್ತಿದ್ದಳು.

ಬ್ರೇಕಿರಲಿಲ್ಲ, ಆದರೆ ಕೈ ಇತ್ತು. ವಾರಕ್ಕೊಮ್ಮೆ ಅಮ್ಮ ಹಾಸಿಗೆಯ ಚಾದರಗಳನ್ನು ಒಗೆದಾಗ ಹಿಂಡಲು ನಾನೇ ಬೇಕು. ಒಂದು ತುದಿ ಅವಳಿಗೆ, ಇನ್ನೊಂದು ನನಗೆ. ನಾನು ತಿರುಚಿದ ಚಾದರದಲ್ಲಿ ಮತ್ತೆ ಒಂದು ಹನಿ ನೀರು ಸಿಕ್ಕಿದರೆ ಕೇಳಿ. ಪಕ್ಕದ ಮನೆಯವರು ಬಿಗಿಯಾದ ಉಪ್ಪಿನಕಾಯಿ ಜಾಡಿ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನಮ್ಮ ಅತ್ತೆಯೊಬ್ಬರು, ಇವಳದ್ದು ಕೈಯಲ್ಲ ಕಣೇ, ಇಕ್ಕಳ, ಎಂದಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ. ಮುಂದೆ ಫಿಸಿಯೋಥೆರಪಿ ಓದಿದ್ದಕ್ಕೆ ಒಂದು ಕಾರಣ ಆ ಮಾತೇ ಇರಬೇಕು.

ಶ್ರೀಧರನಿಗೆ ತುಂಬಾ ಎಂಬಲ್ಲಿನ ರಾಕೆಟ್ ಕೇಂದ್ರದಲ್ಲಿ ಕೆಲಸವಾಗಿ ತಿರುವನಂತಪುರಕ್ಕೆ ಬಂದ ಮೇಲೆ ನಾನು ಉಳ್ಳೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಸೇರಿಕೊಂಡೆ. ಪಾರ್ಶ್ವವಾಯು ಬಡಿದವರು, ಮುರಿದ ಕೈ ಜೋಡಿಸಿಕೊಂಡವರು, ಭುಜ ಎತ್ತಲಾಗದವರು ಬರುತ್ತಾರೆ. ಅವರ ಕೈಗೆ ರಬ್ಬರ್ ಚೆಂಡು ಕೊಟ್ಟು ಹಿಚುಕಿಸುವುದು, ಸ್ನಾಯುಗಳನ್ನು ನನ್ನ ಹೆಬ್ಬೆರಳಿನಿಂದ ಒತ್ತಿ ಬಿಡಿಸುವುದು ನನ್ನ ಕೆಲಸ. ಮನೆಯಲ್ಲಿ ಅಭ್ಯಾಸ ಮಾಡದೆ ಬಂದವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಿಮ್ಮ ಕೈ ನಿಮಗೇ ಬೇಡವಾದರೆ ನಾನೇನು ಮಾಡಲಿ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ.

ಸುಬೈದಾ ಸಿಕ್ಕಿದ್ದು ಅಲ್ಲಿಯೇ. ಅವಳು ಕೆಳಗಿನ ಮಹಡಿಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ನನ್ನದೇ ವಯಸ್ಸು, ಕೊಲ್ಲಂ ಕಡೆಯವಳು. ಭಾನುವಾರಗಳಂದು ಒಂದು ಗುಂಪಿನ ಜೊತೆ ಗುಡ್ಡಗಾಡಿನಲ್ಲಿ ಸೈಕಲ್ಲು ಓಡಿಸುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸರು ಹೆಲ್ಮೆಟ್ ಹಾಕಿಕೊಂಡು ರಬ್ಬರ್ ತೋಟದ ಕಾಲುದಾರಿಯಲ್ಲಿ ಸೈಕಲ್ಲಿನ ಮೇಲೆ ಇಳಿಯುವುದೆಂದರೇನು ಎಂದು ನಗುತ್ತಲೇ ಒಮ್ಮೆ ಜೊತೆಗೆ ಹೋದೆ. ಮುಂದಿನ ತಿಂಗಳು ನನ್ನದೂ ಒಂದು ಸೈಕಲ್ಲು ಮನೆಗೆ ಬಂತು. ಅವಳ ಸೈಕಲ್ಲಿನದು ಗಣಿತದ ಮೇಷ್ಟ್ರ ಬ್ರೇಕು, ನನ್ನದು ಕನ್ನಡದ ಮೇಡಮ್ಮಿನದು. ದಾರಿಯಲ್ಲಿ ನಿಂತಾಗಲೆಲ್ಲ ಸೈಕಲ್ಲು ಅದಲು ಬದಲು ಮಾಡಿಕೊಂಡು ಹಿಡಿದು ನೋಡುತ್ತಿದ್ದೆವು. ಬಲ ಇದ್ದರೆ ಸಾಲದು, ಹಿಡಿತ ಹದವಾಗಿ ಏರಬೇಕು, ಅದಕ್ಕೆ ಕೈ ಬೇಕು, ಎಂದು ನಾನು ಗುಂಪಿಗೆಲ್ಲ ಭಾಷಣ ಮಾಡುತ್ತಿದ್ದೆ. ಕೈ ಬೇಕು ಎನ್ನುವಾಗ ನನ್ನ ಬಲಗೈಯನ್ನು ಎತ್ತಿಯೂ ತೋರಿಸಿದ್ದೆ. ಅದನ್ನು ಸುಬೈದಾ ಮರೆತಿದ್ದರೆ ಸಾಕು.

ಜೋಮು ಶುರುವಾದದ್ದು ಒಂದು ಓಣಂ ರಜೆಯ ಆಸುಪಾಸಿನಲ್ಲಿ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು. ಬೆಳಿಗ್ಗೆ ಎದ್ದರೆ ಆ ಮೂರೂ ಬೇರೆಯವರ ಬೆರಳುಗಳ ಹಾಗೆ ಇರುತ್ತಿದ್ದವು. ಕೊಡವಿದರೆ ಸರಿಹೋಗುತ್ತಿತ್ತು. ಆಮೇಲಾಮೇಲೆ ಕೊಡವಿದರೂ ಸರಿಹೋಗದಾಯಿತು. ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಇದು ಏನೆಂದು ನನಗೆ ಗೊತ್ತಿರಲಿಲ್ಲ ಎಂದರೆ ನೀವು ನಂಬಬಾರದು. ಮಣಿಕಟ್ಟಿನಲ್ಲಿ ನರ ಒತ್ತಿಹೋದರೆ ಹೀಗಾಗುತ್ತದೆ ಎಂದು ಎಷ್ಟೋ ಜನರಿಗೆ ಚಿತ್ರ ಬರೆದು ವಿವರಿಸಿದ್ದವಳು ನಾನು. ತಡ ಮಾಡಬೇಡಿ ಎಂದು ಬೈದು ಕಳಿಸಿದ್ದವಳು ನಾನು. ನನ್ನ ಸರದಿ ಬಂದಾಗ, ಹವೆ ಸರಿಯಿಲ್ಲ, ವಯಸ್ಸಾಯಿತು, ನಿನ್ನೆ ತೆಂಗಿನಕಾಯಿ ಜಾಸ್ತಿ ತುರಿದೆ, ಎಂದುಕೊಂಡೆ. ಕ್ಲಿನಿಕ್ಕಿನಲ್ಲಿ ಹೆಬ್ಬೆರಳಿನ ಬದಲು ಮೊಣಕೈಯಿಂದ ಒತ್ತತೊಡಗಿದೆ. ಬಲಗೈ ಮಾಡುತ್ತಿದ್ದ ಕೆಲಸವನ್ನು ಎಡಗೈಗೆ ಕಲಿಸಿದೆ. ಈಚೆಗೆ ನೀವು ಒತ್ತಿದರೆ ನೋವೇ ಆಗುವುದಿಲ್ಲ ಎಂದು ರೋಗಿಗಳು ಸಂತೋಷಪಟ್ಟರು. ನಾನು ನಕ್ಕೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಲಗೈಯನ್ನು ಬಿಸಿನೀರಿನಲ್ಲಿ ಅದ್ದಿ ಕುಳಿತೆ.

ಕೈಯಿಂದ ಬದುಕುವವಳಿಗೆ ಕೈ ಹೋಗುತ್ತಿದೆ ಎಂದು ಹೇಳಿಕೊಳ್ಳಲು ನಾಚಿಕೆ. ಕೇಳಿದವರು ಮೊದಲು ಅಯ್ಯೋ ಎನ್ನುತ್ತಾರೆ, ಆಮೇಲೆ ಬೇರೆ ಫಿಸಿಯೋಥೆರಪಿಸ್ಟನ್ನು ಹುಡುಕುತ್ತಾರೆ. ಆದ್ದರಿಂದ ನಾನು ಬ್ರೇಕನ್ನು ದೂರತೊಡಗಿದೆ.

ಯಾಕೋ ಮುಂದಿನ ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲ ಎಂದು ಮನೆಯಲ್ಲಿ ಒಂದು ಮಾತು ಅಂದೆ, ಅಷ್ಟೇ. ಶ್ರೀಧರನಿಗೆ ಹಬ್ಬ. ಈ ಮನುಷ್ಯನಿಗೆ ಸೈಕಲ್ಲು ತುಳಿಯುವುದರಲ್ಲಿ ಆಸಕ್ತಿಯಿಲ್ಲ, ಸೈಕಲ್ಲು ಕೆಡುವುದರಲ್ಲಿ ಆಸಕ್ತಿ. ಮೊದಲು ಕೊಳವೆಯೊಳಗೆ ಗಾಳಿ ಸೇರಿದೆಯೆಂದು ಎಣ್ಣೆ ಬದಲಿಸಿದರು. ಆಮೇಲೆ ಬ್ರೇಕಿನ ಪ್ಯಾಡು ಬದಲಿಸಿದರು. ಆಮೇಲೆ ಉಕ್ಕಿನ ತಟ್ಟೆಯನ್ನೇ ದೊಡ್ಡದು ಹಾಕಿಸಿದರು. ಒಂದು ಶನಿವಾರ ಎಲ್ಲಿಂದಲೋ ಮೀನು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತಂದು, ಅದನ್ನು ಲಿವರಿಗೆ ಸಿಕ್ಕಿಸಿ, ಎಷ್ಟು ಎಳೆದರೆ ಚಕ್ರ ನಿಲ್ಲುತ್ತದೆ ಎಂದು ಅಳೆಯತೊಡಗಿದರು. ಸುಬೈದಾಳ ಸೈಕಲ್ಲನ್ನೂ ತರಿಸಿಕೊಂಡು ಅದರ ಲೆಕ್ಕವನ್ನೂ ತೆಗೆದರು. ಜಗಲಿಯಲ್ಲಿ ಎರಡು ಸೈಕಲ್ಲು, ನಡುವೆ ಮೀನಿನ ವಾಸನೆಯ ತಕ್ಕಡಿ, ಮುಖದ ತುಂಬ ಸಂತೋಷ. ಚಹಾ ಕೊಡಲು ಹೋದ ನಾನು ಆ ಹೊತ್ತಿಗೆ ಹೇಳಿಬಿಡಬೇಕೆಂದುಕೊಂಡೆ. ಅವರು ತಲೆಯೆತ್ತಿ, ಈಗ ಹಿಡಿದು ನೋಡು, ಎಂದರು. ಹಿಡಿದೆ. ಏನೂ ಗೊತ್ತಾಗಲಿಲ್ಲ. ಈಗ ಪರವಾಗಿಲ್ಲ ಎಂದೆ.

ಪರವಾಗಿಲ್ಲ ಎಂದದ್ದು ಸಾಲದಾಗಿ ಕೊನೆಗೆ ಕೊಚ್ಚಿಯ ಒಂದು ಅಂಗಡಿಯಿಂದ ಹೊಸ ಬ್ರೇಕನ್ನೇ ತರಿಸಿದರು. ಒಂದೇ ಬೆರಳಿನಲ್ಲಿ ಲಾರಿ ನಿಲ್ಲಿಸಬಹುದು ಅನ್ನುವಂಥದ್ದು.

ಅದನ್ನು ಹಾಕಿಕೊಂಡು ಹೊರಟ ಮೊದಲ ಭಾನುವಾರ ಗುಂಪು ವಿತುರದ ಹತ್ತಿರದ ರಬ್ಬರ್ ತೋಟಗಳ ನಡುವೆ ಇಳಿಯಿತು. ಹೊಸ ಬ್ರೇಕು ನೋಡಬೇಕೆಂದು ಶ್ರೀಧರ ಕಾರಿನಲ್ಲಿ ಕೆಳಗಿನ ರಸ್ತೆಗೆ ಬಂದು ಕಾಯುತ್ತಿದ್ದರು. ಉದ್ದನೆಯ ಇಳಿಜಾರು, ಬೇರುಗಳು, ಕಲ್ಲು. ಹ್ಯಾಂಡಲ್ಲು ಅದುರಿ ಅದುರಿ ಬಲಗೈಯ ಬೆರಳುಗಳು ಅರ್ಧ ದಾರಿಯಲ್ಲಿಯೇ ಮಾಯವಾದವು. ಮುಂದಿನ ಬ್ರೇಕು ಬಲಗೈಯಲ್ಲಿ. ಎಳೆಯುತ್ತಿದ್ದೇನೆ ಎಂದುಕೊಂಡೆ, ಸೈಕಲ್ಲು ಓಡುತ್ತಲೇ ಇತ್ತು. ಗಾಬರಿಯಲ್ಲಿ ಎಡಗೈಯದನ್ನು ಒತ್ತಿದೆ. ಹಿಂದಿನ ಚಕ್ರ ಜಾರಿ ಅಡ್ಡಡ್ಡವಾಗಿ ದಾರಿ ಬಿಟ್ಟು ಒಂದು ಮನೆಯ ಅಂಗಳಕ್ಕೆ ಇಳಿದುಬಿಟ್ಟಿತು. ಅಂಗಳದಲ್ಲಿ ಹಗ್ಗಕ್ಕೆ ಸಾಲಾಗಿ ರಬ್ಬರ್ ಶೀಟುಗಳನ್ನು ಒಣಹಾಕಿದ್ದರು. ಹುಳಿ ಹಿಡಿದ ಹಾಲಿನ ವಾಸನೆಯ, ಒದ್ದೆ ಚಾಪೆಯಂಥ ಆ ಶೀಟುಗಳು ಒಂದೊಂದಾಗಿ ನನ್ನ ಮುಖಕ್ಕೆ ಬಡಿದು, ಹಗ್ಗ ಕಿತ್ತು, ನಾನು ಅವುಗಳನ್ನೆಲ್ಲ ಸುತ್ತಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಕುಳಿತೆ. ಮೊಣಕಾಲು ತರಚಿತ್ತು, ಬೇರೇನೂ ಆಗಿರಲಿಲ್ಲ.

ಆ ಮನೆಯ ಮುದುಕಿ ಹೊರಗೆ ಬಂದರು. ಬೈಯಲಿಲ್ಲ. ನನ್ನ ತಲೆಯ ಮೇಲಿದ್ದ ಶೀಟನ್ನು ಎತ್ತಿ, ಒಳಗೆ ಯಾರಿದ್ದಾರೆ ಎಂದು ನೋಡಿದರು.

“ಮೋಳೇ, ಬ್ರೇಕ್ ಇಲ್ಲೇ?”

ಬ್ರೇಕು ಇಲ್ಲವೇ ಮಗಳೇ ಎಂದು ಅವರು ಕೇಳಿದ್ದು ಮರುಕದಿಂದ. ನನಗದು ಮುಳುಗುವವಳಿಗೆ ಹಗ್ಗ ಎಸೆದ ಹಾಗಾಯಿತು. ಇಲ್ಲ ಎಂದೆ. ಅಷ್ಟರಲ್ಲಿ ಗುಂಪಿನವರೆಲ್ಲ ಬಂದು ನಿಂತಿದ್ದರು. ಬ್ರೇಕು ಹೋಯಿತಂತೆ ಎಂಬ ಮಾತು ಬಾಯಿಂದ ಬಾಯಿಗೆ ದಾಟಿ ಕೆಳಗಿನ ರಸ್ತೆಯಲ್ಲಿದ್ದ ಶ್ರೀಧರನಿಗೂ ಮುಟ್ಟಿತು. ಅವರು ಓಡಿ ಬಂದಾಗ ಮುಖ ಬಿಳುಚಿಕೊಂಡಿತ್ತು. ನನ್ನ ಮೊಣಕಾಲು ನೋಡಿದರು, ಸೈಕಲ್ಲು ನೋಡಿದರು, ಹೊಸ ಬ್ರೇಕನ್ನು ಎಳೆದು ನೋಡಿದರು. ಅದು ಕಲ್ಲಿನ ಹಾಗೆ ಹಿಡಿಯಿತು. ಒಮ್ಮೊಮ್ಮೆ ಹಿಡಿಯುತ್ತೆ, ಒಮ್ಮೊಮ್ಮೆ ಇಲ್ಲ, ಎಂದೆ ನಾನು. ಸುಬೈದಾ ಕಿತ್ತ ಹಗ್ಗವನ್ನು ಮತ್ತೆ ಕಟ್ಟಿ, ಶೀಟುಗಳನ್ನು ಕೊಡವಿ ಅದಕ್ಕೆ ಹಾಕುತ್ತಿದ್ದಳು.

ಮುಂದಿನ ರಜೆಯ ದಿನ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಕೊಚ್ಚಿಗೆ ಹೊರಟೆವು. ಫೋನಿನಲ್ಲಿ ಹೇಳಿದರೆ ಸಾಲದೇ ಎಂದು ಕೇಳಿದೆ. ಜೀವದ ವಿಷಯ, ಎದುರಿಗೇ ತೋರಿಸಬೇಕು, ಎಂದರು. ಅವರ ಸಿಟ್ಟು ಬಹಳ ಅಪರೂಪದ್ದು. ಮನೆಯ ನಲ್ಲಿ ಕೆಟ್ಟರೂ ಪ್ಲಂಬರಿನ ಪರವಾಗಿ ಮಾತಾಡುವ ಮನುಷ್ಯ. ದಾರಿಯುದ್ದಕ್ಕೂ ಅವರು ಅಂಗಡಿಯವನಿಗೆ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಾ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದೆ. ಆಲಪ್ಪುಳ ದಾಟುವ ಹೊತ್ತಿಗೆ ಅದು ಪೂರ್ತಿ ಜೋಮು ಹಿಡಿದಿತ್ತು.

ಅಂಗಡಿ ತ್ರಿಪ್ಪುಣಿತ್ತುರದ ಒಂದು ಪಕ್ಕದ ಬೀದಿಯಲ್ಲಿ. ನಡೆಸುವವನು ಜಿತಿನ್ ಎಂಬ ಮೂವತ್ತರ ಹುಡುಗ. ಶ್ರೀಧರ ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಅವನು ಕೈಕಟ್ಟಿಕೊಂಡು ಕೇಳಿದ. ನನ್ನ ಮೊಣಕಾಲಿನ ಪಟ್ಟಿ ನೋಡಿ ಅವನ ಮುಖ ಸಣ್ಣದಾಯಿತು. ಅದೇ ಬ್ರೇಕಿರುವ ಇನ್ನೊಂದು ಸೈಕಲ್ಲನ್ನು ತಂದು ನನ್ನದರ ಪಕ್ಕಕ್ಕೆ ನಿಲ್ಲಿಸಿ, ಚೇಚಿ ಎರಡನ್ನೂ ಹಿಡಿದು ನೋಡಲಿ, ವ್ಯತ್ಯಾಸ ಎಲ್ಲಿದೆ ಹೇಳಲಿ, ಎಂದ. ಶ್ರೀಧರನ ಒಳಗಿನ ವಿಜ್ಞಾನಿ ಎದ್ದು ಕೂತ. ಕಣ್ಣು ಬಿಟ್ಟು ಹಿಡಿದರೆ ಮನಸ್ಸು ಮೋಸ ಮಾಡುತ್ತದೆ, ಕಣ್ಣು ಮುಚ್ಚಿ ಹಿಡಿಯಬೇಕು ಎಂದರು. ಅಂಗಡಿಯಲ್ಲಿ ಇನ್ನೂ ಕೆಲವರು ಗಿರಾಕಿಗಳಿದ್ದರು. ಅವರೂ ಹತ್ತಿರ ಬಂದು ನಿಂತರು.

ನಾನು ಕಣ್ಣು ಮುಚ್ಚಿಕೊಂಡೆ. ಬಲಗೈಯನ್ನು ಯಾರೋ ಹ್ಯಾಂಡಲ್ಲಿನ ಮೇಲೆ ಇಟ್ಟರು. ತೋರುಬೆರಳು ಚಾಚಿ ಎಳೆದೆ.

“ಹಿಡಿದಿದ್ದೀಯಾ?” ಶ್ರೀಧರ ಕೇಳಿದರು.

“ಹಿಡಿದಿದ್ದೀನಿ. ತುಂಬ ಗಟ್ಟಿ. ಬರ್ತಾನೇ ಇಲ್ಲ.”

ಯಾರೂ ಮಾತಾಡಲಿಲ್ಲ. ಇನ್ನೂ ಜೋರಾಗಿ ಎಳೆದೆ. ಕಲ್ಲು ಹಿಡಿದ ಹಾಗಿದೆ ಎಂದೆ. ಕಣ್ಣು ತೆರೆದೆ. ನನ್ನ ಬೆರಳು ಲಿವರಿನ ಮೇಲೆ ಇರಲೇ ಇಲ್ಲ. ಅದು ಉಳಿದ ಬೆರಳುಗಳ ಜೊತೆಗೆ ಹ್ಯಾಂಡಲ್ಲಿನ ರಬ್ಬರ್ ಹಿಡಿಯನ್ನೇ ಸುತ್ತಿಕೊಂಡು ಹಿಚುಕುತ್ತಿತ್ತು. ಲಿವರು ಅದರ ಮುಂದೆ ಸುಮ್ಮನೆ ನಿಂತಿತ್ತು, ಯಾರೂ ಮುಟ್ಟದೆ.

ಬಹಳ ಜನರ ಮುಂದೆ ಬಿದ್ದಿದ್ದೇನೆ, ತಪ್ಪು ಭಾಷೆ ಆಡಿದ್ದೇನೆ, ಮದುವೆಮನೆಯಲ್ಲಿ ಬೇರೆಯವರ ಎಲೆಗೆ ಕುಳಿತು ಅರ್ಧ ಊಟ ಮುಗಿಸಿದ್ದೇನೆ. ಅವೆಲ್ಲ ಮುಖದ ಮೇಲಿನ ನಾಚಿಕೆಗಳು. ಇದು ಮೂಳೆಯೊಳಗೆ ಇಳಿಯಿತು. ಶ್ರೀಧರ ನನ್ನ ಬೆರಳನ್ನು ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದರು. ಹೆಂಡತಿಯ ಕೈ ಎಷ್ಟು ದಿನದಿಂದ ಹೀಗಿದೆ ಎಂದು ಅವರು ಆ ಕ್ಷಣದಲ್ಲಿ ಲೆಕ್ಕ ಹಾಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಸೂಜಿ, ಜಾಡಿ, ಒಡೆದ ಲೋಟಗಳು, ಎಲ್ಲ.

ಅವರು ಜಿತಿನ್ ಕಡೆ ತಿರುಗಿ, ಎಂದೂ ಇಲ್ಲದ ಅಸಂಬದ್ಧವನ್ನು ಮಾತಾಡತೊಡಗಿದರು. ಕಣ್ಣು ಮುಚ್ಚಿದರೆ ಯಾರಿಗಾದರೂ ಹಾಗೆಯೇ ಆಗುತ್ತದೆ. ಲಿವರನ್ನು ಇಷ್ಟು ದೂರದಲ್ಲಿ ಇಟ್ಟರೆ ಸಣ್ಣ ಕೈಯವರಿಗೆ ಹೇಗೆ ಸಿಗಬೇಕು? ತಪ್ಪು ಬ್ರೇಕಿನ ವಿನ್ಯಾಸದ್ದೇ. ತಾವು ಮೊದಲೇ ಅಂದುಕೊಂಡಿದ್ದರು. ನನ್ನ ಕೈ ಸಣ್ಣದಲ್ಲ, ಅದು ಅವರಿಗೂ ಗೊತ್ತು, ನೋಡಿದ ಎಲ್ಲರಿಗೂ ಗೊತ್ತು. ಅಳತೆಯಿಲ್ಲದೆ ಒಂದು ಮಾತಾಡದ ಮನುಷ್ಯ ನನ್ನ ಮಾನ ಉಳಿಸಲು ಅಪರಿಚಿತರ ಮುಂದೆ ಮೂರ್ಖನಾಗುತ್ತಿದ್ದರು. ಜಿತಿನ್ ತಲೆಯಾಡಿಸಿದ. ಅವನಿಗೆ ಅರ್ಥವಾಗಿತ್ತೋ ಇಲ್ಲವೋ ತಿಳಿಯದು. ಸಾರಮಿಲ್ಲ ಸರ್, ಪರವಾಗಿಲ್ಲ, ಚೇಚಿ ಬಿದ್ದಿದ್ದಾರೆ, ನಾನೇ ಬೇರೆ ಬ್ರೇಕು ಹಾಕಿಕೊಡುತ್ತೇನೆ, ಇದನ್ನು ಕಂಪನಿಗೆ ಕಳಿಸುತ್ತೇನೆ, ಎಂದು ಸಲಕರಣೆ ತರಲು ಬಗ್ಗಿದ.

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಎಲ್ಲರೂ ಸೇರಿ ನನಗೆ ದಾರಿ ಮಾಡಿಕೊಟ್ಟಿದ್ದರು.

“ಬ್ರೇಕಿನಲ್ಲ ಜಿತಿನ್,” ಎಂದೆ. ಮಲಯಾಳ ಎಂದಿಗಿಂತ ಸರಿಯಾಗಿ ಬಂತು. “ಎಂಡೆ ಕೈಕ್ಕಾಣ್ ಕುಳಪ್ಪಂ.”

ಕೆಟ್ಟಿರುವುದು ನನ್ನ ಕೈ, ಬ್ರೇಕಲ್ಲ. ಅದನ್ನು ಹೇಳಿ ಹಗುರಾಯಿತು ಎಂದು ನೀವು ಓದಲು ಕಾಯುತ್ತಿದ್ದರೆ ಕ್ಷಮಿಸಿ. ಹೇಳಿದ ಮೇಲೆ ಇನ್ನೂ ನಾಚಿಕೆಯಾಯಿತು. ಗಿರಾಕಿಗಳಲ್ಲಿ ಒಬ್ಬರು ಮೆಲ್ಲಗೆ ತಮ್ಮ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದರು. ಜಿತಿನ್ ನನಗೆ ಸ್ಟೂಲು ತಂದುಕೊಟ್ಟ. ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿದ. ಹೇಳಲೇಬೇಕಾಯಿತು. ಅವನು ನನ್ನ ಕೈಯನ್ನೊಮ್ಮೆ ನೋಡಿ, ತುಂಬ ಒಳ್ಳೆಯ ಕೆಲಸ, ಎಂದ.

ವಾಪಸು ಬರುವಾಗ ಹೆದ್ದಾರಿಯ ಪಕ್ಕದ ಒಂದು ಹೋಟೆಲಿನಲ್ಲಿ ದೋಸೆಯಂಥ ಅಪ್ಪವೂ ಕಡಲೆ ಸಾರೂ ಬಂದವು. ನಾನು ಎಡಗೈಯಿಂದ ತಿನ್ನಲಾಗದೆ ಬಲಗೈಯಿಂದ ಚೂರು ಮಾಡಲು ಹೆಣಗುತ್ತಿದ್ದೆ. ಶ್ರೀಧರ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು, ಅಪ್ಪವನ್ನು ಚೂರು ಮಾಡಿ ಕಡಲೆಯಲ್ಲಿ ಕಲಸಿ, ಮತ್ತೆ ನನ್ನ ಕಡೆ ತಳ್ಳಿದರು.

“ಎಷ್ಟು ದಿನದಿಂದ?”

“ಹೋದ ಓಣಂನಿಂದ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀವು ಆ ಮೀನಿನ ತಕ್ಕಡಿ ತಂದ್ರಲ್ಲ, ಅವತ್ತು ಹೇಳೋಣ ಅಂತಿದ್ದೆ. ಅಷ್ಟು ಖುಷಿಯಾಗಿ ಅಳೀತಿದ್ರಿ.”

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. ಬ್ರೇಕು ಸರಿಯಾಗಿದೆ ಎಂದು ತಕ್ಕಡಿ ಅವತ್ತೇ ಹೇಳಿತ್ತಂತೆ. ಹಾಗಾದರೆ ಉಳಿದದ್ದು ಏನು ಎಂದು ತಾವು ಯೋಚಿಸಲೇ ಇಲ್ಲವಂತೆ. ಎಲ್ಲವನ್ನೂ ಅಳೆದೆ, ನಿನ್ನ ಕೈಯನ್ನು ಮಾತ್ರ ನೋಡಲಿಲ್ಲ, ಎಂದರು. ಅಲ್ಲಿಗೆ ನಾಚಿಕೆ ಇಬ್ಬರದೂ ಆಯಿತು. ಅಪ್ಪ ಆರುತ್ತಿತ್ತು, ತಿಂದೆವು.

ಕೆಲವೇ ದಿನಗಳಲ್ಲಿ ಮಣಿಕಟ್ಟಿನ ಸಣ್ಣ ಶಸ್ತ್ರಚಿಕಿತ್ಸೆಯಾಯಿತು. ಉಳ್ಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯ ಹೊರಗೆ ರೋಗಿಗಳ ಸಾಲಿನಲ್ಲಿ ಕುಳಿತಿದ್ದಾಗ ನನ್ನಿಂದ ಬೈಸಿಕೊಂಡಿದ್ದ ಇಬ್ಬರು ಎದುರಿಗೆ ಹಾದುಹೋದರು. ಇಬ್ಬರೂ ಕೈಮುಗಿದರು. ಬೈದದ್ದನ್ನು ಅವರು ಮರೆತಿದ್ದರೋ ಏನೋ, ನನಗಂತೂ ಒಂದೊಂದು ಮಾತೂ ನೆನಪಿತ್ತು. ಡಾಕ್ಟರು ನನ್ನ ಕೈ ನೋಡಿ, ನಿಮಗೆ ನಾನು ಹೇಳಬೇಕಾಗಿಲ್ಲ, ಎಂದಷ್ಟೇ ಹೇಳಿದರು. ಅದು ಸಾಕಾಯಿತು. ಕ್ಲಿನಿಕ್ಕಿನಲ್ಲಿ ಕೆಲಕಾಲ ಕುಳಿತುಕೊಂಡೇ ಬಾಯಲ್ಲಿ ವ್ಯಾಯಾಮ ಹೇಳಿಕೊಡುವ ಕೆಲಸ ಕೊಟ್ಟರು. ಹೊಸಬಳಾದ ಒಬ್ಬ ಸಹೋದ್ಯೋಗಿಯ ಕೈಗೆ ನನ್ನ ರೋಗಿಗಳು ಹೋದರು. ಕೆಲವರು ವಾಪಸು ಬಂದರು, ಕೆಲವರು ಬರಲಿಲ್ಲ. ಬೆರಳುಗಳಿಗೆ ಸ್ಪರ್ಶ ಮೆಲ್ಲಗೆ ಮರಳಿತು, ಆದರೆ ಪೂರ್ತಿ ಅಲ್ಲ. ತಡಮಾಡಿದ್ದರ ಪಾಲು ಅದು. ತೋರುಬೆರಳ ತುದಿಗೆ ಈಗಲೂ ತೆಳ್ಳನೆಯ ಕಾಗದ ಸುತ್ತಿದ ಹಾಗಿರುತ್ತದೆ. ಜಿತಿನ್ ಲಿವರನ್ನು ಹತ್ತಿರಕ್ಕೆ ಸರಿಸಿ, ಎರಡು ಬೆರಳಿಗೆ ಸಿಗುವ ಹಾಗೆ ಮಾಡಿಕೊಟ್ಟ.

ಮತ್ತೆ ಗುಂಪಿನ ಜೊತೆ ಹೋದದ್ದು ಈ ಚಳಿಗಾಲದಲ್ಲಿ, ಪೊನ್ಮುಡಿಯ ಕೆಳಗಿನ ಒಂದು ಟೀ ತೋಟದ ದಾರಿಗೆ. ಆ ದಿನ ಗುಂಪಿನಲ್ಲಿ ನಿಶಾತ್ ಎಂಬ ಹೊಸ ಹುಡುಗಿ ಇದ್ದಳು. ದಾವಣಗೆರೆಯವಳು, ಕಳಕ್ಕೂಟ್ಟದ ಐಟಿ ಪಾರ್ಕಿನಲ್ಲಿ ಕೆಲಸ. ನಾನು ಕನ್ನಡದವಳೆಂದು ತಿಳಿದ ಮೇಲೆ ನನ್ನ ಹಿಂದೆಯೇ ಬರುತ್ತಿದ್ದಳು. ಕಡಿದಾದ ಒಂದು ಇಳಿಜಾರಿನ ತಲೆಯಲ್ಲಿ ಉಳಿದವರೆಲ್ಲ ಸರಸರನೆ ಇಳಿದುಹೋದರು. ನಾನು ನಿಂತೆ. ಬೆರಳು ಲಿವರಿನ ಮೇಲಿದೆಯೇ ಎಂದು ಬಗ್ಗಿ ಕಣ್ಣಿನಿಂದ ನೋಡಿಕೊಂಡೆ. ಇತ್ತು. ಆದರೂ ಇಳಿಯಲು ಧೈರ್ಯ ಬರಲಿಲ್ಲ. ಹಿಂದೆ ತಿರುಗಿ, ನೀನು ಹೋಗಮ್ಮ, ನನ್ನ ಕೈಗೆ ಶಕ್ತಿ ಸಾಲದು, ನಾನು ನಡೆದುಕೊಂಡು ಬರುತ್ತೇನೆ, ಎಂದೆ. ಸಿಕ್ಕಿಬೀಳುವ ಮೊದಲೇ ನಾನಾಗಿ ಅದನ್ನು ಹೇಳಿದ್ದು ಅದೇ ಮೊದಲು.

ನಿಶಾತ್ ಆಗಲೇ ಸೈಕಲ್ಲಿನಿಂದ ಇಳಿದು ನಿಂತಿದ್ದಳು.

“ನಂಗೂ ಭಯ ಆಗ್ತತಿ ಆಂಟಿ. ನೀವು ಇಳಿದ್ರೆ ನಾನೂ ಇಳೀಬೇಕಾಗ್ತತಲ್ಲ ಅಂತ ನೋಡ್ತಿದ್ದೆ.”

ಇಬ್ಬರೂ ಸೈಕಲ್ಲು ತಳ್ಳಿಕೊಂಡು ಟೀ ಗಿಡಗಳ ನಡುವೆ ಇಳಿದೆವು. ಅವಳು ದಾರಿಯುದ್ದಕ್ಕೂ ಹಾಸ್ಟೆಲಿನ ಊಟದ ವಿಷಯ, ಇಲ್ಲಿ ಸಿಗದ ಮಂಡಕ್ಕಿ ಮೆಣಸಿನಕಾಯಿಯ ವಿಷಯ ಹೇಳುತ್ತಾ ಬಂದಳು. ಕೆಳಗೆ ಚಹಾದಂಗಡಿಯ ಬೆಂಚಿನಲ್ಲಿ ಗುಂಪು ಕುಳಿತು ಬಹಳ ಹೊತ್ತಾಗಿತ್ತು. ಎಲ್ಲರೂ ನಮ್ಮ ಕಡೆಯೇ ನೋಡುತ್ತಿದ್ದರು. ಇಷ್ಟು ಹೊತ್ತು ಏನಾಯಿತು ಎಂದು ಸುಬೈದಾ ಕೇಳಿದಳು. ನಿಶಾತ್ ನನ್ನ ಮುಖವನ್ನೊಮ್ಮೆ ನೋಡಿ, ಆಂಟಿಯ ಸೈಕಲ್ಲಿನ ಚೈನ್ ಬಿಚ್ಚಿಕೊಂಡಿತ್ತು, ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಎಷ್ಟು ಸಲೀಸಾಗಿ ಬಂತು ಆ ಹುಡುಗಿಯ ಬಾಯಿಗೆ.

ಇಲ್ಲ, ಚೈನ್ ಸರಿಯಾಗಿಯೇ ಇತ್ತು, ನಮಗೆ ಇಳಿಯಲು ಭಯವಾಯಿತು, ನಡೆದುಕೊಂಡು ಬಂದೆವು, ಎಂದೆ ನಾನು. ಮುಖ ಬಿಸಿಯಾಗಿಯೇ ಇತ್ತು. ಪಕ್ಕದಲ್ಲಿ ನಿಶಾತಳ ಮುಖವೂ ಕೆಂಪಾಗಿತ್ತು.

ಸುಬೈದಾ ತಲೆಯಾಡಿಸಿದಳು. ಬೆಂಚಿನಲ್ಲಿ ಆ ಕಡೆಗೆ ಸರಿದು ಇಬ್ಬರಿಗೆ ಜಾಗ ಬಿಟ್ಟಳು. ಬಾಳೆಹಣ್ಣಿನ ಪಳಂಪೊರಿ ಎರಡೇ ಉಳಿದಿದೆ, ಬೇಗ ತಿನ್ನಿ, ಆರಿಹೋಗುತ್ತದೆ, ಎಂದು ಕಾಗದದ ಪೊಟ್ಟಣವನ್ನು ನಮ್ಮ ಕಡೆ ತಳ್ಳಿದಳು.